ಕೋಳಿ ತರುವ ಮುನ್ನ

ಅಡಿಕೆಯ ಧಾರಣೆ ಇಳಿದ ವರ್ಷವೂ ಕಾಫಿಗೆ ಹೂಮಳೆ ತಪ್ಪಿದ ವರ್ಷವೂ ನಮ್ಮ ಬೆಳೆಗಾರರಲ್ಲಿ ಉಪಕಸುಬಿನ ಮಾತು ಏಳುವುದು ವಾಡಿಕೆ. ಹೈನು, ಜೇನು, ಅಣಬೆ ಎಲ್ಲ ಮುಗಿದು ಈಗ ಆ ಮಾತು ಕೋಳಿಗೆ ಬಂದು ನಿಂತಿದೆ. ದೊಡ್ಡ ಫಾರಮ್ಮಿನ ವಿಚಾರವಲ್ಲ. ಮನೆ ಖರ್ಚಿನ ಮೊಟ್ಟೆಗೆಂದು, ಮಿಕ್ಕರೆ ನಾಲ್ಕು ಕಾಸಿಗೆಂದು, ಐದಾರು ಕೋಳಿ ಸಾಕುವ ವಿಚಾರ. ಇದುವರೆಗೆ ಕೋಳಿಯನ್ನೇ ಕಟ್ಟಿರದ ಮನೆಯವರೂ ಈಗ ಕೇಳುತ್ತಿದ್ದಾರೆ.

ವಿಚಾರ ಒಳ್ಳೆಯದೇ. ಆದರೆ ನಾವು ಹಿಡಿಯುತ್ತಿರುವ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಮೊದಲು ಕೋಳಿ ತರುತ್ತೇವೆ. ಸಂಜೆಗೆ ಗೂಡಿನ ನೆನಪಾಗುತ್ತದೆ. ವಾರ ಕಳೆದ ಮೇಲೆ ಅದಕ್ಕೇನು ಹಾಕುವುದೆಂಬ ಯೋಚನೆ. ಕೊನೆಗೆ ಕೋಳಿಗಳು ತೂಕಡಿಸಲು ತೊಡಗಿದಾಗ ಪಶು ಚಿಕಿತ್ಸಾಲಯದ ದಾರಿ ಹುಡುಕುತ್ತೇವೆ. ಇದು ಪೂರ್ತಿ ಹಿಂದುಮುಂದಾಗಬೇಕು. ಮೊದಲು ಲಸಿಕೆಯ ವ್ಯವಸ್ಥೆ, ಆಮೇಲೆ ಆಹಾರದ ಲೆಕ್ಕ, ಆಮೇಲೆ ಗೂಡು. ಕೋಳಿ ಎಲ್ಲಕ್ಕಿಂತ ಕೊನೆಗೆ.

ಕೆಲಸದ ನಿಮಿತ್ತ ಕೆಲವು ವರ್ಷ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಓಡಾಡಿದ ನನಗೆ ಅಲ್ಲಿಯ ಹಳ್ಳಿಗಳ ಕೋಳಿ ಸಾಕಣೆಯನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು. ಅಲ್ಲಿ ಅದಕ್ಕೆ ಜವಾರಿ ಕೋಳಿ ಎನ್ನುತ್ತಾರೆ. ಎರಡು ಹೇಂಟೆ, ಒಂದು ಹುಂಜ, ಹಿಂದೆ ಒಂದಿಷ್ಟು ಮರಿ. ಹಗಲೆಲ್ಲ ಹಿತ್ತಿಲಲ್ಲಿ ಮೇವು, ರಾತ್ರಿ ಬುಟ್ಟಿಯ ಕೆಳಗೆ ವಾಸ. ನೋಡಿದವರಿಗೆ ಇದು ಖರ್ಚಿಲ್ಲದ ಸಂಪತ್ತು ಎನಿಸುತ್ತದೆ. ಆ ಕಡೆಯಿಂದ ನಮ್ಮ ತೋಟಗಳಿಗೆ ದುಡಿಯಲು ಬರುವ ಕುಟುಂಬಗಳು ಲೈನು ಮನೆಯ ಮುಂದೆ ಇದೇ ರೀತಿ ಕೋಳಿ ಕಟ್ಟಿಕೊಂಡಾಗಲೂ ನಮಗೆ ಹಾಗೆಯೇ ಅನ್ನಿಸಿದೆ. ಅದು ನಿಜವಾಗಿ ಖರ್ಚಿಲ್ಲದ್ದೇ? ಅಲ್ಲಿಯದನ್ನು ಇಲ್ಲಿಗೆ ತರುವಾಗ ಏನು ಕೂಡಿಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ನೋಡೋಣ.

ಮೊದಲನೆಯದು ಆಹಾರ. ಹುನಗುಂದದ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುತ್ತದೆ. ಬಾದಾಮಿಯ ಮಸಾರಿ ನೆಲದಲ್ಲಿ ಸಜ್ಜೆ. ರಾಶಿ ಮಾಡಿದ ಕಣದಲ್ಲಿ ಉದುರಿದ ಕಾಳು, ಕೇರಿದ ಮೊರದ ನುಚ್ಚು, ಹುಳು ಬಿದ್ದ ಜೋಳ ಎಲ್ಲವೂ ಕೋಳಿಗೆ. ಆ ಮನೆಯವರು ಕಾಳು ಬೆಳೆಯುವವರು. ನಾವಾದರೋ ಅಡಿಕೆ, ಕಾಫಿ, ಮೆಣಸು ಬೆಳೆದು ಕಾಳನ್ನು ಅಂಗಡಿಯಿಂದ ತರುವವರು. ಗದ್ದೆಯಿದ್ದವರೂ ಎಷ್ಟೋ ಜನ ಅದನ್ನು ತೋಟ ಮಾಡಿಯಾಯಿತು. ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಐದು ಕೋಳಿಗೆ ತಿಂಗಳಿಗೆ ಸುಮಾರು 15ರಿಂದ 18 ಕಿಲೋ ಆಯಿತು. ಬಿಟ್ಟು ಮೇಯಿಸಿದರೆ ಗೆದ್ದಲು, ಎರೆಹುಳು, ಸೊಪ್ಪುಸದೆಗಳಿಂದ ಒಂದು ಪಾಲು ಅದೇ ದುಡಿದುಕೊಳ್ಳುತ್ತದೆ. ಅಡಿಗೆಮನೆಯ ಉಳಿಕೆ ಇನ್ನೊಂದಿಷ್ಟು ಭರ್ತಿ ಮಾಡುತ್ತದೆ. ಆದರೂ ನುಚ್ಚಕ್ಕಿ, ತೌಡು, ಮುಸುಕಿನ ಜೋಳಕ್ಕೆ ಕೈಯಿಂದ ಕಾಸು ಬಿಚ್ಚಲೇಬೇಕು. ಕಪ್ಪೆಚಿಪ್ಪಿನ ಪುಡಿಯೂ ಬೇಕು, ಇಲ್ಲವಾದರೆ ಮೊಟ್ಟೆಯ ಸಿಪ್ಪೆ ತೆಳ್ಳಗಾಗುತ್ತದೆ. ಆದ್ದರಿಂದ ಮೊದಲ ವರ್ಷ ಐದಕ್ಕಿಂತ ಹೆಚ್ಚು ಬೇಡ.

ಎರಡನೆಯದು ಹವೆ. ಬಾಗಲಕೋಟೆಯ ಕಡೆ ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಕೋಳಿಗೆ ಬೇಕಾದದ್ದು ಬೇವಿನ ನೆರಳು ಮತ್ತು ಕುಡಿಯುವ ನೀರು. ನಮ್ಮಲ್ಲಿ ಅದರ ಮೂರು ನಾಲ್ಕು ಪಟ್ಟು ಮಳೆ, ಕೆಲವೆಡೆ ಇನ್ನೂ ಹೆಚ್ಚು. ಅಲ್ಲಿಗೆ ಸೆಕೆ ಹೇಗೋ ಇಲ್ಲಿಗೆ ತೇವ ಹಾಗೆ. ಒದ್ದೆ ನೆಲದಲ್ಲಿ ಮಲಗಿದ ಮರಿಗೆ ರಕ್ತಭೇದಿ ತಪ್ಪದು. ಬುಟ್ಟಿ ಕವುಚುವ ಪದ್ಧತಿ ನಮ್ಮ ಆಷಾಢಕ್ಕೆ ಸಲ್ಲುವುದಿಲ್ಲ.

ಹಾಗಾದರೆ ಯಾವಾಗ ತರಬೇಕು? ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಮುಗಿದು ಅಂಗಳ ಖಾಲಿಯಾಗಿ ಕೈಗೆ ಬಿಡುವು ಸಿಗುವ ಫೆಬ್ರವರಿ, ಮಾರ್ಚ್ ತಿಂಗಳೇ ನಮಗೆ ತಕ್ಕ ಕಾಲ. ಆಗ ಎಂಟು ವಾರದ ಮರಿ ತಂದರೆ ಮಳೆ ಹಿಡಿಯುವ ಹೊತ್ತಿಗೆ ಅದು ಐದು ತಿಂಗಳ ಗಟ್ಟಿ ಕೋಳಿ. ಒಂದು ದಿನದ ಮರಿಯನ್ನು ಮೊದಲ ಸಲಕ್ಕೆ ಯಾರೂ ತರಬಾರದು. ಅದಕ್ಕೆ ಮೂರು ನಾಲ್ಕು ವಾರ ಬಲ್ಬಿನ ಕಾವು ಬೇಕು. ನಮ್ಮಲ್ಲಿ ಕರೆಂಟು ಹೋದ ಒಂದು ರಾತ್ರಿ ಸಾಕು, ಬೆಳಿಗ್ಗೆಗೆ ಮರಿಗಳು ಇರುವುದಿಲ್ಲ.

ಗೂಡಿಗೆ ಹಣ ಸುರಿಯುವ ಅಗತ್ಯವಿಲ್ಲ. ಬಿದ್ದ ಅಡಿಕೆ ಮರದ ದಬ್ಬೆ ನಮ್ಮಲ್ಲೇ ಇದೆ. ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ನಾಲ್ಕು ಕಂಬ ಕೊಟ್ಟು, ದಬ್ಬೆಯ ಸಂದಿನಿಂದ ಹಿಕ್ಕೆ ಕೆಳಗೆ ಬೀಳುವಂತೆ ನೆಲಹಾಸು ಮಾಡಿ, ಮೇಲೆ ಹೆಂಚು ಅಥವಾ ತಗಡು ಹೊದೆಸಿದರೆ ಆಯಿತು. ರಾತ್ರಿ ಮಲಗಲು ಕೋಳಿಗೆ ಒಂದೂವರೆ ಚದರಡಿ ಸಾಕು. ಕೂರಲು ಒಂದು ಅಡ್ಡಗಳು, ಮೊಟ್ಟೆಯಿಡಲು ಒಂದಡಿ ಉದ್ದಗಲದ ಒಂದು ಪೆಟ್ಟಿಗೆ. ಖರ್ಚು ಮಾಡುವುದಾದರೆ ಬಾಗಿಲು ಮತ್ತು ಜಾಲರಿಗೆ ಮಾಡಿ. ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಮುಂಗುಸಿಯನ್ನಾಗಲಿ ಕಾಡುಬೆಕ್ಕನ್ನಾಗಲಿ ಹೊರಗಿಡುವುದಿಲ್ಲ. ಬೆಸುಗೆ ಹಾಕಿದ ಅರ್ಧ ಅಂಗುಲದ ಜಾಲರಿಯೇ ಬೇಕು. ಕೆಳಗೆ ಬಿದ್ದ ಹಿಕ್ಕೆ ಐದು ಕೋಳಿಯಿಂದ ದಿನಕ್ಕೆ ಅರ್ಧ ಕಿಲೋದಷ್ಟಾದೀತು. ಅದನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಟ್ಟೀತು. ಗೊಬ್ಬರಗುಂಡಿಯಲ್ಲಿ ಕಳಿಸಿ ಬಳಸಬೇಕು.

ಇನ್ನು ತೋಟಕ್ಕೂ ಕೋಳಿಗೂ ಇರುವ ವ್ಯಾಜ್ಯ. ಇಳಕಲ್ಲಿನಲ್ಲಿ ಮನೆಯೊಳಗೇ ಮಗ್ಗ ಇಟ್ಟವರು ಕೋಳಿಯನ್ನು ರೇಷ್ಮೆ ಹಾಸಿನ ಹತ್ತಿರ ಸುಳಿಯಗೊಡುವುದುಂಟೆ? ನಮಗೆ ಕಾಫಿಯ ಕಣ, ಅಡಿಕೆಯ ಅಂಗಳ ಎರಡೂ ಹಾಗೆಯೇ. ಹರವಿದ ಬೇಳೆಯ ಮೇಲೆ ಹಿಕ್ಕೆ ಬಿದ್ದರೆ ಮಾಲು ಕೆಟ್ಟಿತು. ಐದು ಮೊಟ್ಟೆಯ ಆಸೆಗೆ ಒಂದು ಚೀಲ ಕಾಫಿಯ ದರ್ಜೆ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಒಣಗಿಸುವ ಕಾಲದಲ್ಲಿ ಅಂಗಳಕ್ಕೆ ಬೇಲಿ ಬೇಕು, ಇಲ್ಲವೇ ಕೋಳಿಗೆ ಬೇಕು. ಮೆಣಸಿನ ಬಳ್ಳಿಯ ಬುಡ, ಎಳೆ ಅಡಿಕೆ ಸಸಿಯ ಹೊದಿಕೆ ಇವನ್ನೂ ಕೋಳಿ ಕೆದಕದೆ ಬಿಡದು. ಬೋರ್ಡೋ ಹೊಡೆಯುವ ದಿನ ಕೋಳಿಯನ್ನು ಹೊರಗೆ ಬಿಡಬಾರದು, ಮೈಲುತುತ್ತದ ನೀರು ಗುಂಡಿಯಲ್ಲಿ ನಿಂತಿರಲೂ ಬಾರದು. ಫೋರೇಟ್ ಹರಳು 2020ರ ಕೊನೆಯಿಂದ ನಿಷೇಧವಾಗಿದ್ದರೂ ಹಳೆಯ ಪೊಟ್ಟಣ ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿರಬಹುದು. ಅಂಥ ಹರಳನ್ನು ಕೋಳಿ ಕಾಳೆಂದೋ ಕಲ್ಲೆಂದೋ ಹೆಕ್ಕಿ ತಿಂದು ಸಾಯುತ್ತದೆ. ಗೂಡು ಕಟ್ಟುವ ಮೊದಲು ಆ ಮೂಲೆಯನ್ನೊಮ್ಮೆ ನೋಡಿ.

ಯಾವ ಕೋಳಿ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಊರ ಕೋಳಿ ವರ್ಷಕ್ಕೆ 50, 60 ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ಅದು ತಾನೇ ಕಾವು ಕೂತು 21 ದಿನಕ್ಕೆ ಮರಿ ಮಾಡಿ, ಹದ್ದಿನ ನೆರಳು ಕಂಡರೆ ರೆಕ್ಕೆಯಡಿ ಕರೆದುಕೊಳ್ಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡಬಲ್ಲುದು. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ ಅದಕ್ಕಿಂತಲೂ ಹೆಚ್ಚು. ಆದರೆ ಇವು ಕಾವು ಕೂರುವುದು ಅಪರೂಪ, ಇವುಗಳ ಮರಿಗಳಲ್ಲಿ ಮೊದಲಿನ ಗುಣ ಹಾಗೆಯೇ ಉಳಿಯುವುದೂ ಇಲ್ಲ. ಪ್ರತಿ ಸಲ ಹೊಸ ಮರಿ ಕೊಳ್ಳಬೇಕು. ಮೊಟ್ಟೆ ಮಾತ್ರ ಬೇಕೆನ್ನುವವರು ಸುಧಾರಿತ ತಳಿಗೆ ಹೋಗಲಿ. ಮನೆಯಲ್ಲೇ ಸಂತಾನ ಮುಂದುವರಿಯಬೇಕೆನ್ನುವವರು ಊರ ಕೋಳಿಗೆ ಹೋಗಲಿ. ಊರ ಕೋಳಿಯ ಮರಿಗಳಲ್ಲಿ ಅರ್ಧದಷ್ಟು ಹುಂಜ ಎಂಬುದು ನೆನಪಿರಲಿ. ಮಾಂಸ ತಿನ್ನದ ಮನೆಯವರು ಆ ಹುಂಜಗಳನ್ನೇನು ಮಾಡುವುದೆಂದು ಮೊದಲೇ ತೀರ್ಮಾನಿಸಬೇಕು. ಎಲ್ಲಿಂದ ತಂದರೂ ಸಂತೆಯಿಂದ ಬೇಡ. ಅಮೀನಗಡ, ಕೆರೂರಿನಂಥ ಹೆಸರಾದ ಸಂತೆಗಳೇ ಇರಲಿ, ನಮ್ಮೂರ ವಾರದ ಸಂತೆಯೇ ಇರಲಿ, ಹತ್ತೂರಿನ ಪ್ರಾಣಿ ಕೂಡುವಲ್ಲಿ ಹತ್ತೂರಿನ ರೋಗವೂ ಕೂಡುತ್ತದೆ. ಮನೆಯಲ್ಲಿ ಕೋಳಿ ಸಾಯಲು ಶುರುವಾದರೆ ಉಳಿದವನ್ನು ಸಂತೆಗೆ ಒಯ್ಯುವವರೂ ಇದ್ದಾರೆ.

ರೋಗದ ಮಾತಿಗೆ ಬಂದರೆ, ಮುಖ್ಯ ವಿಷಯ ಇದೇ. ಕೊಕ್ಕರೆ ರೋಗವೆಂದು ನಮ್ಮವರು ಕರೆಯುವುದು ರಾಣಿಖೇತ್ ರೋಗವನ್ನು. 1920ರ ದಶಕದ ಕೊನೆಯಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತದಲ್ಲಿ ಕಂಡದ್ದರಿಂದ ಆ ಹೆಸರು. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು, ಆಮೇಲೆ ಸಾವು. ಒಮ್ಮೆ ಹಿಡಿದರೆ ಔಷಧಿ ಇಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಬೇಸಿಗೆ ಕಾಲಿಟ್ಟರೆ ಓಣಿಗೆ ಓಣಿಯೇ ಖಾಲಿಯಾಗುವುದು ಇದರಿಂದಲೇ. ‘ಖರ್ಚಿಲ್ಲದ ಕೋಳಿ’ಯ ನಿಜವಾದ ಖರ್ಚು ಇದು. ಎರಡು ಮೂರು ವರ್ಷ ಕೂಡಿಸಿದ್ದು ಒಂದು ವಾರದಲ್ಲಿ ಹೋಗುತ್ತದೆ.

ಲಸಿಕೆ ಇಲ್ಲವೆಂದಲ್ಲ. ಮೊದಲ ವಾರದಲ್ಲಿ ಮರಿಯ ಕಣ್ಣಿಗೆ ಒಂದು ಹನಿ, ಎಂಟು ವಾರಕ್ಕೆ ಆರ್2ಬಿ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದ ಅವಧಿಗೆ ಮತ್ತೊಮ್ಮೆ. ಬೆಲೆಯೂ ದೊಡ್ಡದಲ್ಲ. ತೊಡಕಿರುವುದು ಸೀಸೆಯಲ್ಲಿ. ಲಸಿಕೆಯ ಸೀಸೆ ಬರುವುದು ನೂರು, ಇನ್ನೂರು ಡೋಸಿನ ಲೆಕ್ಕದಲ್ಲಿ. ಮಂಜುಗಡ್ಡೆಯಲ್ಲಿಟ್ಟು ತರಬೇಕು. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಹಾಕಿ ಮುಗಿಸಬೇಕು. ಐದು ಕೋಳಿಯವನು ನೂರು ಡೋಸಿನ ಸೀಸೆ ತಂದು ಏನು ಮಾಡಿಯಾನು? ‘ಐದಕ್ಕೆಲ್ಲ ಯಾಕೆ’ ಎಂದು ಸುಮ್ಮನಾಗುತ್ತಾನೆ. ಮನೆಮನೆಯ ಕೋಳಿಗೆ ಲಸಿಕೆ ತಪ್ಪಲು ಇದೊಂದು ದೊಡ್ಡ ಕಾರಣ.

ಬಾಗಲಕೋಟೆಯ ಕಡೆ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡಿರುತ್ತವೆ. ರೋಗ ಒಂದೇ ರಾತ್ರಿ ಓಣಿ ದಾಟುತ್ತದೆ ನಿಜ. ಆದರೆ ಮನಸ್ಸು ಮಾಡಿದರೆ ಒಂದು ಸೀಸೆಯಲ್ಲಿ ಓಣಿಗೆಲ್ಲ ಲಸಿಕೆ ಮುಗಿಯುತ್ತದೆ. ನಮ್ಮ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ರೋಗ ಬರುವುದು ಸ್ವಲ್ಪ ತಡ, ಅಷ್ಟೆ. ಲಸಿಕೆಯವರು ಬರುವುದಂತೂ ಇಲ್ಲವೇ ಇಲ್ಲ. ಎಂದ ಮೇಲೆ ನಮ್ಮಲ್ಲಿ ಒಬ್ಬರೇ ಕೋಳಿ ಸಾಕಲು ಹೊರಡುವುದೇ ತಪ್ಪು. ಕೋಳಿ ಅವರವರದು, ರೋಗ ಎಲ್ಲರದು. ಇಪ್ಪತ್ತು ಮನೆಯವರು ಒಂದಾಗಿ ಒಂದೇ ತಿಂಗಳಲ್ಲಿ ಒಂದೇ ವಯಸ್ಸಿನ ಮರಿ ತಂದರೆ ನೂರು ಕೋಳಿಯಾಯಿತು, ಸೀಸೆಯ ಲೆಕ್ಕ ಸರಿಹೋಯಿತು. ಅಡಿಕೆ ಮಾರಲು, ಗೊಬ್ಬರ ತರಿಸಲು ಒಟ್ಟಾಗುವುದನ್ನು ಕಲಿತ ನಮಗೆ ಇದು ಹೊಸ ಪಾಠವೇನಲ್ಲ.

‘ಇಷ್ಟೆಲ್ಲ ತಯಾರಿ ಬೇಕೆ? ನಮ್ಮ ಅಜ್ಜಿಯರು ಸಾಕಿರಲಿಲ್ಲವೆ?’ ಎಂದು ಕೇಳುವವರುಂಟು. ಸಾಕಿದ್ದರು. ಕೋಳಿ ಪೂರ್ತಿ ಸತ್ತಾಗ ಪಕ್ಕದ ಮನೆಯಿಂದ ಎಂಟು ಮೊಟ್ಟೆಯನ್ನೂ ಕಾವಿಗೆ ಕೂತ ಹೇಂಟೆಯನ್ನೂ ಕಡ ತಂದು ಮತ್ತೆ ಶುರು ಮಾಡುತ್ತಿದ್ದರು. ಇಂದು ಕಡ ಕೊಡಲು ಪಕ್ಕದ ಮನೆಯಲ್ಲಿ ಕೋಳಿ ಇಲ್ಲ. ನಾಶವಾದರೆ ನಮಗೆ ಎರಡನೆಯ ಆರಂಭವಿಲ್ಲ. ಕೈ ಸುಟ್ಟುಕೊಂಡವನು ಗೂಡನ್ನು ಸೌದೆ ಮಾಡುತ್ತಾನೆ.

ಕೊನೆಯದಾಗಿ ಒಂದು ಮಾತು. ಬಯಲುಸೀಮೆಯಲ್ಲಿ ಕೋಳಿ ಹೆಂಗಸರ ಆಸ್ತಿ. ಮೊಟ್ಟೆ ಮಾರಿದ ದುಡ್ಡು ಅವರ ಸೆರಗಿನ ಗಂಟಿಗೆ ಸೇರುತ್ತದೆ, ಗಂಡಸರು ಅದರ ಲೆಕ್ಕ ಕೇಳುವುದಿಲ್ಲ. ಮಗುವಿನ ಪಾಟಿ, ಪುಸ್ತಕ, ಸಣ್ಣ ಜ್ವರದ ಮಾತ್ರೆ ಎಲ್ಲ ಅದರಿಂದಲೇ. ನಮ್ಮಲ್ಲಿ ಕೋಳಿ ತರುವ ಉತ್ಸಾಹ ಯಜಮಾನರದು, ಮುಸ್ಸಂಜೆ ಎಣಿಸಿ ಗೂಡಿನ ಬಾಗಿಲು ಹಾಕುವ ಕೆಲಸ ಮನೆಯಾಕೆಯದು ಎಂದಾದರೆ ಅದು ಹೆಚ್ಚು ದಿನ ನಡೆಯದು. ಬಾಗಿಲು ಹಾಕುವವರಿಗೇ ಮೊಟ್ಟೆಯ ದುಡ್ಡು ಎಂದು ಕೋಳಿ ಬರುವ ಮೊದಲೇ ಮನೆಯಲ್ಲಿ ಮಾತಾಗಲಿ. ಒಂದು ಸಂಜೆ ಬಾಗಿಲು ಮರೆತರೆ ಮುಂಗುಸಿ ಮರೆಯುವುದಿಲ್ಲ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನನ್ನ ಸೂಚನೆ ಇಷ್ಟು. ಕೋಳಿ ಸಾಕಬೇಕೆಂದಿರುವ ಪ್ರತಿ ಊರಿನವರೂ ಕೊಯ್ಲು ಮುಗಿಯುವುದರೊಳಗೆ ತಮ್ಮ ಹೆಸರು, ಬೇಕಾದ ಮರಿಗಳ ಸಂಖ್ಯೆ ಒಂದು ಹಾಳೆಯಲ್ಲಿ ಬರೆಯಿರಿ. ಇಬ್ಬರು ಅದನ್ನು ಹಿಡಿದು ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಹೋಗಿ, ಲಸಿಕೆ ಯಾವ ದಿನ ಸಿಗುತ್ತದೆ, ಯಾರ ಮನೆಯಂಗಳದಲ್ಲಿ ಹಾಕುವುದು ಎಂದು ಗೊತ್ತುಮಾಡಿ ಬನ್ನಿ. ಆ ದಿನ ನಿಶ್ಚಯವಾದ ಮೇಲೆ ದಬ್ಬೆ ಸೀಳಿ ಗೂಡು ಕಟ್ಟಿ. ಗೂಡಿನ ಬಾಗಿಲಿಗೆ ಚಿಲಕ ಕೂತ ಮೇಲೆ ಮರಿಗೆ ಹಣ ಕೊಡಿ.