ಅಂಗೈ ಕಂಪ್ಯೂಟರಿಗೆ ಅಳತೆಗೋಲು ಯಾವುದು?

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ‘ಆಕಾಶ್’ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿದರು. ಆ ಹೊತ್ತಿನ ಸುದ್ದಿಯನ್ನು ಈಗ ತೆಗೆದು ನೋಡಿದರೆ ಎದ್ದು ಕಾಣುವುದು ಒಂದೇ ಸಂಗತಿ, ಬೆಲೆ. ಸರ್ಕಾರಕ್ಕೆ ಒಂದು ಯಂತ್ರ ಸುಮಾರು 2,250 ರೂಪಾಯಿಗೆ ಬಿದ್ದಿತ್ತು. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂದು ವಿದೇಶಿ ಪತ್ರಿಕೆಗಳೂ ಬರೆದವು. ಅದನ್ನು ಹಿಡಿದುಕೊಂಡ ವಿದ್ಯಾರ್ಥಿ ಅದರಲ್ಲಿ ಏನು ಓದುತ್ತಾನೆ, ಯಾವ ಭಾಷೆಯಲ್ಲಿ ಓದುತ್ತಾನೆ ಎಂಬ ಪ್ರಶ್ನೆಗೆ ಅಷ್ಟು ಜಾಗ ಸಿಗಲಿಲ್ಲ.

ಆಕಾಶ್ ಒಳಗೆ ಏನಿತ್ತು? 7 ಅಂಗುಲದ ಪರದೆ, 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ್‍ಯಾಮ್, ಆಂಡ್ರಾಯ್ಡ್ 2.2. ಪರದೆ ರೆಸಿಸ್ಟಿವ್ ಬಗೆಯದು. ಅಂದರೆ ಬೆರಳು ಸವರಿದರೆ ಸಾಲದು, ಒತ್ತಬೇಕು. ಬ್ಯಾಟರಿಯ ಆಯಸ್ಸು ಕಂಪನಿಯ ಲೆಕ್ಕದಲ್ಲೇ ಮೂರು ಗಂಟೆಯ ಆಸುಪಾಸು. ವಿದ್ಯಾರ್ಥಿಗಳಿಗೆ ಕೊಟ್ಟ ಯಂತ್ರ ಇಂಟರ್ನೆಟ್ಟಿಗೆ ವೈಫೈಯನ್ನೇ ನಂಬಿತ್ತು. 2011ರಲ್ಲಿ ನಮ್ಮ ಎಷ್ಟು ಕಾಲೇಜುಗಳ ಅಂಗಳದಲ್ಲಿ ವೈಫೈ ಇತ್ತು ಎಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ. ಅದೇ ಕಂಪನಿ, ಡೇಟಾವಿಂಡ್, ಮಾರುಕಟ್ಟೆಗೆಂದು ಮಾಡಿದ ‘ಯೂಬಿಸ್ಲೇಟ್’ನಲ್ಲಿ ಸಿಮ್ ಹಾಕಬಹುದಿತ್ತು, ಫೋನ್ ಮಾಡಬಹುದಿತ್ತು. ಅದರ ಬೆಲೆ 2,999 ರೂಪಾಯಿ. ಸುಮಾರು 750 ರೂಪಾಯಿ ಹೆಚ್ಚು ಕೊಟ್ಟವರಿಗೆ ಊರಿನ ಮೊಬೈಲ್ ಟವರೇ ಇಂಟರ್ನೆಟ್ ಕೊಡುತ್ತಿತ್ತು. ಸರ್ಕಾರ ಆರಿಸಿಕೊಂಡದ್ದು ಆ ಅನುಕೂಲವಿಲ್ಲದ ಮಾದರಿಯನ್ನು.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು ಕೊರತೆ. ಆಂಡ್ರಾಯ್ಡ್ 2.2ಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲ. ಗೂಗಲ್ ಆ ವ್ಯವಸ್ಥೆಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಕೊಟ್ಟಿದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಕನ್ನಡದ ಪುಟ ತೆರೆದರೆ ಕಾಣುತ್ತಿದ್ದುದು ಸಾಲುಸಾಲು ಖಾಲಿ ಚೌಕಗಳು. ಆ ಕಾಲದಲ್ಲಿ ಫೋನಿನಲ್ಲಿ ಕನ್ನಡ ಓದಿದವರಿಗೆ ಒಪೆರಾ ಮಿನಿಯ ಉಪಾಯ ನೆನಪಿರಬಹುದು. ಒಳಗಿನ ಒಂದು ಆಯ್ಕೆಯನ್ನು ಬದಲಿಸಿದರೆ ದೂರದ ಸರ್ವರ್ ಅಕ್ಷರಗಳನ್ನು ಚಿತ್ರಗಳಾಗಿ ಮಾಡಿ ಕಳಿಸುತ್ತಿತ್ತು. ಓದಬಹುದಿತ್ತು, ಬರೆಯುವಂತಿರಲಿಲ್ಲ. ಆ ಕಿಂಡಿಯ ಮೂಲಕ ಇಣುಕಿ ಓದಿದ ಒಂದು ತಲೆಮಾರೇ ನಮ್ಮಲ್ಲಿದೆ.

2012ರ ನವೆಂಬರ್ 11ರಂದು ಪ್ರಣಬ್ ಮುಖರ್ಜಿಯವರು ‘ಆಕಾಶ್ 2’ ಬಿಡುಗಡೆ ಮಾಡಿದರು. ಪ್ರೊಸೆಸರ್ 1 ಗಿಗಾಹರ್ಟ್ಸ್‌ಗೆ ಏರಿತ್ತು, ರ್‍ಯಾಮ್ ಎರಡು ಪಟ್ಟಾಗಿತ್ತು, ಪರದೆ ಸುಧಾರಿಸಿತ್ತು. ಆಂಡ್ರಾಯ್ಡ್ ಮಾತ್ರ 4.0. ಕನ್ನಡ ಬಂದದ್ದು ಅದರ ಮುಂದಿನ ಮೆಟ್ಟಿಲಿನಲ್ಲಿ, ಅದೂ ಕೆಲವು ತಿಂಗಳ ಹಿಂದೆಯೇ.

ಹಾಗಾದರೆ ಆಕಾಶ್ ಅನ್ನು ಯಾರೂ ಪರೀಕ್ಷಿಸಲೇ ಇಲ್ಲವೇ? ಪರೀಕ್ಷಿಸಿದರು, ಜಗಳವನ್ನೂ ಆಡಿದರು. ಹೊಣೆ ಹೊತ್ತಿದ್ದ ಐಐಟಿ ರಾಜಸ್ಥಾನಕ್ಕೂ ಡೇಟಾವಿಂಡ್‌ಗೂ ಪರೀಕ್ಷೆಯ ಮಾನದಂಡಗಳ ಬಗ್ಗೆ ಬಹಿರಂಗ ತಕರಾರಾಯಿತು. ಯಂತ್ರ ಮಳೆಯನ್ನು ತಡೆಯಬೇಕು, ಹೊಡೆತವನ್ನು ತಾಳಬೇಕು ಎಂಬ ಷರತ್ತುಗಳು ಸೈನ್ಯದ ಮಟ್ಟದವು ಎಂದು ಕಂಪನಿ ದೂರಿತು. ಕೊನೆಗೆ ಯೋಜನೆ ಐಐಟಿ ಬಾಂಬೆಯ ಪಾಲಾಯಿತು. ಮಳೆಯಲ್ಲಿ ನೆನೆದರೆ ಏನಾಗುತ್ತದೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ನೆನೆಯದೆ ಒಣಗಿಯೇ ಇರುವ ಯಂತ್ರದಲ್ಲಿ ರಾಯಚೂರಿನ ಹುಡುಗಿಯೊಬ್ಬಳು ತನ್ನ ಪಾಠವನ್ನು ಕನ್ನಡದಲ್ಲಿ ಓದಬಲ್ಲಳೇ ಎಂಬುದು ಆ ತಕರಾರಿನ ವಿಷಯವಾಗಲಿಲ್ಲ.

ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಆಕಾಶ್‌ಗೆ ಹತ್ತು ವರ್ಷ ಮೊದಲೇ ಬೆಂಗಳೂರಿನಲ್ಲಿ ‘ಸಿಂಪ್ಯೂಟರ್’ ತಯಾರಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ ರೂಪಿಸಿದ ಈ ಅಂಗೈ ಕಂಪ್ಯೂಟರಿನ ಮಾದರಿ 2001ರಲ್ಲಿ ಹೊರಬಂತು. ಒಳಗಿದ್ದುದು ಲಿನಕ್ಸ್. ಅವರ ಯೋಚನೆ ಶುರುವಾದದ್ದು ಬಳಸುವವರಿಂದ. ಓದು ಬಾರದವರಿಗೆಂದು ಪರದೆಯ ಮೇಲಿನ ಮಾತನ್ನು ಕನ್ನಡ, ಹಿಂದಿ, ತಮಿಳಿನಲ್ಲಿ ಯಂತ್ರವೇ ಓದಿ ಹೇಳಬೇಕು ಎಂದುಕೊಂಡರು. ಹಳ್ಳಿಗೆ ಒಂದೇ ಯಂತ್ರ ಸಾಕು, ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಎಂದರು. ಸಾಲುಮನೆಗಳಿಗೆ ಒಂದೇ ಒರಳುಕಲ್ಲು ಇದ್ದ ಹಾಗೆ.

ಸಿಂಪ್ಯೂಟರ್ ಸೋತಿತು, ಅದನ್ನೂ ಹೇಳಲೇಬೇಕು. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಅಂಗಡಿಗೆ ಬರುವ ಹೊತ್ತಿಗೆ ಅದರ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. ಅಷ್ಟರಲ್ಲಿ ಜನರ ಕೈಗೆ ಮೊಬೈಲ್ ಬಂದಿತ್ತು. 2003ರಲ್ಲೇ ರಿಲಯನ್ಸ್ ಮೊದಲ ಕಂತು 501 ರೂಪಾಯಿಗೆ ಫೋನ್ ಕೊಡತೊಡಗಿತ್ತು. ಜನಕ್ಕೆ ಮೊದಲು ಬೇಕಾದದ್ದು ಮಾತು, ಆಮೇಲೆ ಕಂಪ್ಯೂಟರ್. ಸಿಂಪ್ಯೂಟರ್ ಕಟ್ಟಿದವರು ಸರಿಯಾದ ಪ್ರಶ್ನೆಗಳನ್ನು ಕೇಳಿದ್ದರು, ಬೆಲೆಯಲ್ಲಿ ಮತ್ತು ಫೋನಿನ ವಿಷಯದಲ್ಲಿ ಎಡವಿದರು. ಆಕಾಶ್ ಕೊಂಡವರು ಬೆಲೆಯನ್ನು ಗೆದ್ದರು, ಪ್ರಶ್ನೆಗಳನ್ನು ಕೈಬಿಟ್ಟರು. ಒಂದು ಸೋಲಿನಿಂದ ಇನ್ನೊಂದು ಯೋಜನೆ ಕಲಿಯಬೇಕಾದದ್ದು ಇಷ್ಟೇ ಇತ್ತು. ದೆಹಲಿಗೂ ಬೆಂಗಳೂರಿಗೂ ನಡುವಿನ ಎರಡು ಸಾವಿರ ಕಿಲೋಮೀಟರಿನಲ್ಲಿ ಆ ಪಾಠ ಎಲ್ಲೋ ಇಳಿದುಹೋಯಿತು.

ಇದೇ ದೆಹಲಿಯ ನೆಹರೂ ಪ್ಲೇಸ್‌ನಲ್ಲೋ ಕರೋಲ್‌ಬಾಗಿನ ಗಫಾರ್ ಮಾರ್ಕೆಟ್‌ನಲ್ಲೋ ಸ್ವಂತ ದುಡ್ಡು ಕೊಟ್ಟು ಕೊಳ್ಳುವವರ ರೀತಿಯೇ ಬೇರೆ. 2003-04ರ ಕಾಲದ ವಿಂಡೋಸ್ ಮೊಬೈಲ್ ಮತ್ತು ಪಾಮ್ ಯಂತ್ರಗಳನ್ನೇ ನೋಡಿ. ಅವುಗಳಲ್ಲಿ ವಿಳಾಸ, ದಿನಚರಿ ಎಲ್ಲವೂ ಕೂತಿದ್ದುದು ರ್‍ಯಾಮ್‌ನಲ್ಲಿ. ಬ್ಯಾಟರಿ ಪೂರ್ತಿ ಬತ್ತಿದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ವಿಂಡೋಸ್‌ನಲ್ಲಿ ಇದು ಸರಿಹೋದದ್ದು 2005ರ ಆವೃತ್ತಿಯಲ್ಲಿ. ಮಾರಾಟದ ಕರಪತ್ರದಲ್ಲಿ ಪ್ರೊಸೆಸರಿನ ವೇಗ ದಪ್ಪಕ್ಷರದಲ್ಲಿ ಇರುತ್ತಿತ್ತು, ಈ ವಿಷಯ ಇರುತ್ತಿರಲಿಲ್ಲ. ಕೊಳ್ಳುವವರು ಬಳಸಿದವರನ್ನು ವಿಚಾರಿಸಿಯೇ ಅದನ್ನು ತಿಳಿಯಬೇಕಿತ್ತು. ಬ್ಯಾಟರಿ ಎಷ್ಟು ಹೊತ್ತು, ರಿಪೇರಿ ಎಲ್ಲಿ, ಬಿಡಿಭಾಗ ಸಿಗುತ್ತದೆಯೇ, ಗ್ಯಾರಂಟಿ ಅಂಗಡಿಯದೋ ಕಂಪನಿಯದೋ ಎಂದು ಕೇಳುತ್ತಿದ್ದರು. ಕೊಳ್ಳುವವರೂ ಬಳಸುವವರೂ ಒಬ್ಬರೇ ಆದಾಗ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಟೆಂಡರಿನಲ್ಲಿ ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಅಲ್ಲಿ ಪ್ರಶ್ನೆಗಳ ಜಾಗವನ್ನು ಅತಿ ಕಡಿಮೆ ದರ ಆಕ್ರಮಿಸುತ್ತದೆ.

ಬಡ ದೇಶಕ್ಕೆ ಅಗ್ಗವೇ ಮೊದಲ ಗುಣ, ಉಳಿದದ್ದು ಮೆಲ್ಲಗೆ ಬರುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಕೈಗೆಟುಕದ ಒಳ್ಳೆಯ ಯಂತ್ರಕ್ಕಿಂತ ಕೈಗೆಟುಕುವ ಸಾಧಾರಣ ಯಂತ್ರ ಮೇಲು ಎಂಬುದಕ್ಕೆ ಸಿಂಪ್ಯೂಟರೇ ಸಾಕ್ಷಿ. ಆದರೆ ಬಳಕೆಗೆ ಬಾರದ ಯಂತ್ರ ಅಗ್ಗವೂ ಅಲ್ಲ. 2,250 ರೂಪಾಯಿ ಕೊಟ್ಟು ಮೂಲೆಗೆ ಸೇರಿದರೆ ಅದರ ನಿಜವಾದ ದರ ಪೂರ್ತಿ 2,250. 5,000 ಕೊಟ್ಟು ಐದು ವರ್ಷ ಬಳಸಿದರೆ ವರ್ಷಕ್ಕೆ 1,000. ಮನೆಗೆ ಕೊಡೆ ಕೊಳ್ಳುವಾಗ ನಾವೆಲ್ಲ ಮಾಡುವ ಲೆಕ್ಕ ಇದು.

ಹಳೆಯ ಕತೆ ಈಗೇಕೆ ಎನ್ನಬಹುದು. 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನು ಹಿಂದಿರುಗಿಸಿ ಪ್ರತಿಭಟಿಸಿದರು. ಫೋನಿನ ಮೆಮೊರಿ ಸಾಲದು, ಕೆಲಸದ ಆ್ಯಪ್ ಇಂಗ್ಲಿಷಿನಲ್ಲಿದೆ ಎಂಬುವು ಅವರ ದೂರುಗಳಲ್ಲಿ ಸೇರಿದ್ದವು. ಆಕಾಶ್ ಬಂದು ಹತ್ತು ವರ್ಷವಾಗಿತ್ತು, ದೂರು ಬದಲಾಗಿರಲಿಲ್ಲ. ಈ ಸಲ ಅದರ ಭಾರ ಬಿದ್ದದ್ದು ಕಡಿಮೆ ಗೌರವಧನಕ್ಕೆ ದುಡಿಯುವ ಹೆಂಗಸರ ಮೇಲೆ. ಮಗುವಿನ ತೂಕ ದಾಖಲಾಗದಿದ್ದರೆ ಉತ್ತರ ಕೊಡಬೇಕಾದವರು ಅವರು, ಫೋನ್ ಆರಿಸಿದವರಲ್ಲ.

ಪರಿಹಾರಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ. ಲಕ್ಷ ಯಂತ್ರ ಕೊಳ್ಳುವ ಮುನ್ನ ಐವತ್ತನ್ನು ತಂದು, ಬಳಸಬೇಕಾದವರ ಕೈಗೆ ಅವರದೇ ಊರಿನಲ್ಲಿ ಎರಡು ತಿಂಗಳು ಕೊಡಿ. ಅಲ್ಲಿನ ನೆಟ್‌ವರ್ಕ್, ಅಲ್ಲಿನ ಕರೆಂಟು, ಅಲ್ಲಿನ ರಿಪೇರಿ ಅಂಗಡಿ ಪರೀಕ್ಷೆ ಮಾಡಲಿ. ಬಳಸಿದವರು ಬೇಡವೆಂದರೆ ಟೆಂಡರ್ ಮುಂದೆ ಹೋಗಬಾರದು, ದರ ಎಷ್ಟೇ ಕಡಿಮೆಯಿರಲಿ. ಕನ್ನಡ ನಾಡಿಗೆ ಬರುವ ಯಂತ್ರಕ್ಕೆ ಇನ್ನೊಂದು ಸಣ್ಣ ಪರೀಕ್ಷೆ. ‘ಸ್ತ್ರೀ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಮೂರು ಪದಗಳನ್ನು ಅದರಲ್ಲಿ ಬರೆದು, ಉಳಿಸಿ, ಮತ್ತೆ ತೆರೆದು ನೋಡಿ. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತಿದ್ದರೆ ಮಾತ್ರ ಬೆಲೆ ಕೇಳಿ.