ತೂಕ ನೋಡಿ ತಾಯ್ತನ ಅಳೆಯಬೇಡಿ

ಕಳೆದ ವರ್ಷ ಹಳಿಯಾಳದಲ್ಲಿ ಸಂಬಂಧಿಕರ ಮದುವೆ ಇತ್ತು. ಎಲೆಗೆ ಎರಡನೇ ಹೋಳಿಗೆ ಬಿದ್ದಿದ್ದೇ ತಡ, ಪಕ್ಕದಲ್ಲಿ ಕುಳಿತಿದ್ದ ಚಿಗವ್ವ, "ಸಾಕವ್ವಾ, ಹಿಂಗ ದಪ್ಪಾದ್ರ ನಾಳೆ ಮಕ್ಕಳು ಹ್ಯಾಂಗ ಆಗ್ತಾವ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೋಳಿಗೆ ಮಾತ್ರ ಎಲೆಯಲ್ಲೇ ಉಳಿಯಿತು.

ಆಗಲೇ ಮೂರು ತಿಂಗಳಿಂದ ನನಗೆ ಮುಟ್ಟಾಗಿರಲಿಲ್ಲ. ದಾಂಡೇಲಿಯ ಮನೆಯಲ್ಲಿ ಅವ್ವನಿಗೂ ಹೇಳಿರಲಿಲ್ಲ. ಹಾಸ್ಟೆಲ್‌ಗೆ ಮರಳಿದವಳೇ ರಾತ್ರಿ ಊಟ ಬಿಟ್ಟೆ. ನನ್ನ ರೂಮ್‌ಮೇಟ್ ಜೋಯಿಡಾ ಕಡೆಯವಳು, ಕಡ್ಡಿಯಂಥ ಮೈ. "ನಿನಗೇನವ್ವಾ ಚಿಂತಿ?" ಎಂದೆ ಒಮ್ಮೆ. ಅವಳು ಮೆಲ್ಲಗೆ, "ನಂಗೂ ಐದು ತಿಂಗಳಾತು" ಎಂದಳು. ತಿಂಡಿ ಬಿಟ್ಟು ಕ್ಲಾಸಿಗೆ ಓಡುವುದು, ರಾತ್ರಿ ಚಹಾ ಬಿಸ್ಕತ್ತಿನಲ್ಲೇ ಮುಗಿಸುವುದು ಅವಳ ಅಭ್ಯಾಸ. ಅವಳನ್ನು ಯಾರೂ ಚುಚ್ಚಿರಲಿಲ್ಲ. 'ತೆಳ್ಳಗೆ ಚೆಂದ ಇದ್ದಾಳೆ' ಎಂದು ಹೊಗಳಿದ್ದರಷ್ಟೇ.

ಇಬ್ಬರೂ ಸೇರಿ ವೈದ್ಯರ ಬಳಿ ಹೋದೆವು. ಅವರು ಹೇಳಿದ ಮೇಲೆಯೇ ನಮಗೆ ವಿಷಯ ತಿಳಿದದ್ದು. ದೇಹದ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ಮಿದುಳಿಗೆ ದಾಸ್ತಾನಿನ ಲೆಕ್ಕ ಕಳಿಸುತ್ತದೆ. ದಾಸ್ತಾನು ತೀರಾ ಕಡಿಮೆಯಾದರೆ ಮಿದುಳು ಅಂಡಾಶಯಕ್ಕೆ ಸೂಚನೆ ಕೊಡುವುದನ್ನೇ ತಗ್ಗಿಸುತ್ತದೆ. ಆಗ ಮುಟ್ಟು ನಿಲ್ಲುತ್ತದೆ. ಕೊಬ್ಬು ಹೆಚ್ಚಾದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಆಗ ಅಂಡಾಶಯದಲ್ಲಿ ಪುರುಷ ಹಾರ್ಮೋನು ಹೆಚ್ಚಾಗಿ, ಅಂಡಾಣು ಬಲಿತು ಹೊರಬರುವುದು ತಪ್ಪಬಹುದು. ನನಗಿದ್ದದ್ದು ಪಿಸಿಒಎಸ್. ತೆಳ್ಳಗಿರುವವರಿಗೂ ಅದು ಬರುತ್ತದೆ.

ಇದು ನಮ್ಮಿಬ್ಬರ ಕಥೆಯಷ್ಟೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 17 ಮಂದಿಯ ತೂಕ ಕಡಿಮೆ, ಸುಮಾರು 30 ಮಂದಿಯ ತೂಕ ಹೆಚ್ಚು. ಎರಡೂ ತೊಂದರೆ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ಚಿಗವ್ವನ ಮಾತು ನಿಜವೇ? ತೂಕಕ್ಕೂ ಫಲವಂತಿಕೆಗೂ ನಂಟಿದೆ, ನಿಜ. ಆದರೆ ಅದು ತೀರ್ಪಲ್ಲ. ದಪ್ಪಗಿರುವ ಎಷ್ಟೋ ಹೆಣ್ಣುಮಕ್ಕಳು ಸಹಜವಾಗಿಯೇ ತಾಯಂದಿರಾಗುತ್ತಾರೆ. ತೂಕ ಹೆಚ್ಚಿರುವ ಪಿಸಿಒಎಸ್‌ನವರು ಶೇ 5ರಿಂದ 10ರಷ್ಟು ಇಳಿಸಿದರೂ ಹಲವರಲ್ಲಿ ಮುಟ್ಟು ಸರಿಹೋಗುತ್ತದೆ. 70 ಕೆ.ಜಿ. ಇದ್ದವರಿಗೆ ಅದು ಮೂರೂವರೆಯಿಂದ ಏಳು ಕೆ.ಜಿ. ಅಷ್ಟೇ. ಉಪವಾಸ ಬಿದ್ದು ಅವಸರದಲ್ಲಿ ಇಳಿಸಲು ಹೋದರೆ ಇದ್ದದ್ದೂ ಕೆಡುತ್ತದೆ. ನಾನು ಮಾಡಿದ ತಪ್ಪು ಅದೇ.

ಇನ್ನೊಂದು ಮಾತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಗಂಡಸರ ಅತಿತೂಕವೂ ವೀರ್ಯದ ಗುಣಮಟ್ಟ ಕುಗ್ಗಿಸಬಹುದು. ಆದರೂ ಮದುವೆ ಮನೆಯಲ್ಲಿ ಯಾವ ಹುಡುಗನ ಹೊಟ್ಟೆ ನೋಡಿಯೂ ಯಾರೂ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಇಪ್ಪತ್ತರ ವಯಸ್ಸಿನ ದೇಹವನ್ನು ಮುಂದೊಮ್ಮೆ ಹುಟ್ಟಬಹುದಾದ ಮಗುವಿನ ಲೆಕ್ಕದಲ್ಲಷ್ಟೇ ತೂಗುವುದೇಕೆ? ಮೂಳೆ, ಹೃದಯ, ಸಕ್ಕರೆ ಕಾಯಿಲೆ ಇವುಗಳ ಚಿಂತೆ ನಮಗಾಗಿ ಬೇಡವೇ?

ಮುಂಡಗೋಡವಿರಲಿ, ಜೋಯಿಡಾ ಇರಲಿ, ನನ್ನ ಓರಗೆಯ ಹುಡುಗಿಯರಿಗೆ ನಾನು ಹೇಳುವುದಿಷ್ಟೆ: ಮೂರು ತಿಂಗಳು ಮುಟ್ಟು ತಪ್ಪಿದರೆ ಮುಚ್ಚಿಡಬೇಡಿ, ತಾಲ್ಲೂಕು ಆಸ್ಪತ್ರೆಗಾದರೂ ಹೋಗಿ ತೋರಿಸಿ. ಥೈರಾಯ್ಡ್‌ನಂಥ ಬೇರೆ ಕಾರಣವೂ ಇರಬಹುದು. ಹಿರಿಯರಲ್ಲಿ ಒಂದು ವಿನಂತಿ: 'ದಪ್ಪಾಗೀದಿ' ಅನ್ನುವ ಬದಲು 'ಆರಾಮಿದ್ದೀಯೇನವ್ವಾ?' ಎಂದು ಕೇಳಿ.

ರೂಮ್‌ಮೇಟ್ ಈಗ ತಿಂಡಿ ತಿನ್ನದೆ ಕ್ಲಾಸಿಗೆ ಬರುವುದಿಲ್ಲ. ನಾಲ್ಕು ತಿಂಗಳಲ್ಲಿ ಅವಳ ಮುಟ್ಟು ಮರಳಿತು. ನನ್ನದು ಇನ್ನೂ ಒಮ್ಮೊಮ್ಮೆ ತಪ್ಪುತ್ತದೆ. ಸಂಜೆ ಇಬ್ಬರೂ ನಡೆಯಲು ಹೋಗುತ್ತೇವೆ. ಅವ್ವನಿಗೂ ಎಲ್ಲ ಹೇಳಿದ್ದೇನೆ.