ಛಾವಣಿಯ ಮೇಲಿನ ಭಾರ

ಮನಾಲಿಯಿಂದ ಲೇಹ್‌ಗೆ ಹೊರಟವರು ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಮುಂದಿನ ಬಂಕು 365 ಕಿ.ಮೀ. ದೂರವೆಂಬ ಪ್ರಸಿದ್ಧ ಫಲಕವನ್ನು ಕಂಡು, 40 ಲೀಟರಿನ ಟ್ಯಾಂಕುಳ್ಳ ಜಿಪ್ಸಿ, ಜಿಮ್ನಿ ವಾಹನಗಳ ಛಾವಣಿಯ ಮೇಲೆ ಇಂಧನದ ಡಬ್ಬಿಗಳನ್ನೂ ಗುಡಾರಾದಿಗಳನ್ನೂ ಪೇರಿಸಿಕೊಳ್ಳುವುದು ಸಹಜವಾದರೂ ಸರ್ವಥಾ ಅನುಚಿತವಾದುದು. ತುಂಬಿದ 20 ಲೀಟರಿನ ಉಕ್ಕಿನ ಡಬ್ಬಿಯೊಂದು ಹತ್ತಿರ ಹತ್ತಿರ 20 ಕಿಲೋ ತೂಗುವುದರಿಂದ, ಅಂಥವು ಎರಡು ಮೂರು ಮೇಲೇರಿದರೆ ಗುರುತ್ವಕೇಂದ್ರವೂ ಮೇಲೇರಿ, ಮೊದಲೇ ಅಗಲ ಕಿರಿದಾದ ಆ ವಾಹನವು ಓರೆಯಾದ ಇಳಿಜಾರಿನಲ್ಲಿ ಮಗುಚಿಬೀಳುವ ಸಂಭವವು ಹೆಚ್ಚುವುದು. ಡಬ್ಬಿಯನ್ನು ಒಳಗಿರಿಸಿಕೊಂಡರೆ ಆವಿಯ ಅಪಾಯ. ತಗ್ಗಿನಲ್ಲಿ ಬಿಗಿದ ಮುಚ್ಚಳವನ್ನು ವಾಯುಭಾರ ಕುಗ್ಗಿದ ಆ ದಾರಿಯ ಬಾರಾಲಾಚಾ ಕಣಿವೆಮಾರ್ಗದಂಥ ಎತ್ತರದಲ್ಲಿ ತೆರೆದಾಗ ಪೆಟ್ರೋಲು ಬುಸ್ಸೆಂದು ಚಿಮ್ಮುವುದೂ ಉಂಟು. ಪ್ರಯಾಣಿಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಒಂದೇ ಡಬ್ಬಿಯನ್ನು ಹೊರಗೆ, ತಗ್ಗಾಗಿ, ಭದ್ರವಾಗಿ ಬಿಗಿದು, ಟ್ಯಾಂಕಿನಲ್ಲಿ ಸ್ಥಳವಾದೊಡನೆ, ಇಂಜಿನ್ನನ್ನು ಆರಿಸಿ, ಇಂಧನವನ್ನು ಟ್ಯಾಂಕಿನೊಳಕ್ಕೆ ಸುರಿದುಬಿಡಿ, ಅನಾವಶ್ಯಕ ಸಾಮಾನನ್ನು ಮನೆಯಲ್ಲಿಯೇ ಬಿಟ್ಟು ಹೊರಡಿ.